ಏಕಫಲಕ ಗಣಕಕ್ಕೆ ನಿಸ್ತಂತು ಕೀಲಿಮಣೆ

ಪ್ರೊಸೆಸರ್, ಮೆಮೊರಿ, ಯುಎಸ್‌ಬಿ ಮತ್ತು ಎಚ್‌ಡಿಎಂಐ ಪೋರ್ಟ್‌ಗಳೆಲ್ಲ ಒಂದೇ ಬೋರ್ಡಿನ ಮೇಲೆ ಕೂತಿರುವ ಪುಟ್ಟ ಕಂಪ್ಯೂಟರಿಗೆ ಏಕಫಲಕ ಗಣಕ ಎಂದು ಹೆಸರು. ರೂಢಿಯಲ್ಲಿ ಸಿಂಗಲ್ ಬೋರ್ಡ್ ಕಂಪ್ಯೂಟರ್. 2008ರ ಬೀಗಲ್‌ಬೋರ್ಡ್, 2012ರ ಫೆಬ್ರವರಿ 29ರಂದು ಬಿಡುಗಡೆಯಾದ ರಾಸ್ಪ್‌ಬೆರಿ ಪೈ, ಅದರ ಜಾಡು ಹಿಡಿದು ಬಂದ ಆರೆಂಜ್ ಪೈ, ಬನಾನಾ ಪೈ ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಶಾಲೆಯ ಪ್ರಯೋಗಾಲಯದಲ್ಲಿ, ಟಿವಿಯ ಹಿಂಬದಿಯಲ್ಲಿ, ಹವ್ಯಾಸಿಗಳ ಮೇಜಿನ ಮೇಲೆ ಇವು ಕೆಲಸ ಮಾಡುತ್ತವೆ. ಬೋರ್ಡೇ ಅಂಗೈಯಷ್ಟಿರುವಾಗ ಅದಕ್ಕೆ ಮಾರುದ್ದದ ವೈರಿನ ಕೀಲಿಮಣೆ ಹೊಂದುವುದಿಲ್ಲ ಎಂದು ಬಳಕೆದಾರರಿಗೆ ಅನಿಸುವುದು ಸಹಜ. ಹಾಗಾಗಿ ಇಂಥ ಗಣಕವನ್ನು ಕೊಂಡವರು ಮುಂದೆ ಹುಡುಕುವ ವಸ್ತುಗಳಲ್ಲಿ ನಿಸ್ತಂತು ಕೀಲಿಮಣೆಯೂ ಒಂದು. ಅದನ್ನು ಹೊಂದಿಸುವ ಕೆಲಸ ಕೆಲವರಿಗೆ ಅರೆ ನಿಮಿಷದಲ್ಲಿ ಮುಗಿಯುತ್ತದೆ, ಕೆಲವರಿಗೆ ಒಂದಿಡೀ ಸಂಜೆ ಹಿಡಿಯುತ್ತದೆ. ಈ ಅಂತರಕ್ಕೆ ಕೀಲಿಮಣೆಯ ಬೆಲೆಯಾಗಲಿ ಬಳಕೆದಾರನ ಅನುಭವವಾಗಲಿ ಮುಖ್ಯ ಕಾರಣವಲ್ಲ. ನಿಸ್ತಂತು ಸಂಪರ್ಕವನ್ನು ನಿಭಾಯಿಸುವ ಹೊಣೆ ಯಾವ ಭಾಗದ ಮೇಲೆ ಬಿದ್ದಿದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ರಾಸ್ಪ್‌ಬೆರಿ ಪೈಗೆ ಸೇರಿದವು. ಲಿನಕ್ಸ್ ಓಡಿಸುವ ಉಳಿದ ಬೋರ್ಡುಗಳಿಗೂ ಇವು ಬಹುಮಟ್ಟಿಗೆ ಅನ್ವಯಿಸುತ್ತವೆ.

ಪೇಟೆಯಲ್ಲಿ ‘ವೈರ್‌ಲೆಸ್’ ಎಂಬ ಒಂದೇ ಚೀಟಿ ಹೊತ್ತು ಬರುವ ಕೀಲಿಮಣೆಗಳಲ್ಲಿ ಎರಡು ಜಾತಿಗಳಿವೆ. ಮೊದಲನೆಯದರ ಜೊತೆಗೆ ಉಗುರಿನಷ್ಟು ಗಾತ್ರದ ಯುಎಸ್‌ಬಿ ಡಾಂಗಲ್ ಬರುತ್ತದೆ. ಕೀಲಿಮಣೆಗೂ ಡಾಂಗಲ್‌ಗೂ ನಡುವಿನ ಮಾತುಕತೆ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ, ತಯಾರಕರ ಸ್ವಂತ ವಿಧಾನದಲ್ಲಿ ನಡೆಯುತ್ತದೆ. ಇಬ್ಬರ ಪರಿಚಯ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಎರಡನೆಯದು ಬ್ಲೂಟೂತ್ ಕೀಲಿಮಣೆ. ಅದೂ ಅದೇ ತರಂಗಪಟ್ಟಿಯನ್ನು ಬಳಸುತ್ತದೆ, ಆದರೆ ಬಹಿರಂಗವಾದ ಶಿಷ್ಟತೆಯೊಂದಕ್ಕೆ ಬದ್ಧವಾಗಿ. ಅದಕ್ಕೆ ಡಾಂಗಲ್ ಬೇಕಿಲ್ಲ, ಕಂಪ್ಯೂಟರಿನಲ್ಲಿ ಬ್ಲೂಟೂತ್ ರೇಡಿಯೊ ಇದ್ದರೆ ಸಾಕು. ಭಾರತದಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್‌ಮುಕ್ತಗೊಳಿಸಿದ್ದು 2005ರಲ್ಲಿ. ಎರಡೂ ಜಾತಿಗಳು ನಮ್ಮ ಅಂಗಡಿಗಳಲ್ಲಿ ಯಾವ ಪರವಾನಗಿಯ ಗೊಡವೆಯೂ ಇಲ್ಲದೆ ಮಾರಾಟವಾಗುವುದು ಇದರಿಂದಲೇ. ಹೊರನೋಟಕ್ಕೆ ಎರಡಕ್ಕೂ ವ್ಯತ್ಯಾಸ ಕಾಣದು. ಕಂಪ್ಯೂಟರಿನ ಕಡೆಯಿಂದ ನೋಡಿದರೆ ಮಾತ್ರ ಅಜಗಜಾಂತರ.

ಯುಎಸ್‌ಬಿ ಲೋಕದಲ್ಲಿ ಕೀಲಿಮಣೆ, ಮೌಸ್, ಜಾಯ್‌ಸ್ಟಿಕ್‌ಗಳಿಗೆ ಎಚ್‌ಐಡಿ ಎಂಬ ಸಾಮಾನ್ಯ ವರ್ಗವಿದೆ. ಈ ವರ್ಗದ ಕೀಲಿಮಣೆ ತನ್ನ ಅತ್ಯಂತ ಸರಳ ರೂಪದಲ್ಲಿ ಕಂಪ್ಯೂಟರಿಗೆ ಕಳಿಸುವುದು ಎಂಟು ಬೈಟ್‌ಗಳ ವರದಿ. ಮೊದಲ ಬೈಟ್ ಶಿಫ್ಟ್, ಕಂಟ್ರೋಲ್ ಮುಂತಾದ ಜೊತೆಕೀಲಿಗಳಿಗೆ, ಎರಡನೆಯದು ಖಾಲಿ, ಉಳಿದ ಆರು ಏಕಕಾಲಕ್ಕೆ ಒತ್ತಿರಬಹುದಾದ ಆರು ಕೀಲಿಗಳಿಗೆ. ಎಡ ಶಿಫ್ಟ್ ಹಿಡಿದು 2ರ ಕೀಲಿ ಒತ್ತಿದರೆ ಷೋಡಶಮಾನದಲ್ಲಿ 02, 00, 1ಎಫ್, ಆಮೇಲೆ ಐದು ಸೊನ್ನೆ ಬೈಟ್‌ಗಳು ಹೋಗುತ್ತವೆ, ಅಷ್ಟೇ. ಡಾಂಗಲ್ ಮಾಡುವ ಕೆಲಸವೆಂದರೆ ಗಾಳಿಯಲ್ಲಿ ಬಂದ ಸುದ್ದಿಯನ್ನು ಇದೇ ವರದಿಯಾಗಿ ಬದಲಿಸಿ ಯುಎಸ್‌ಬಿ ಪೋರ್ಟಿಗೆ ಒಪ್ಪಿಸುವುದು. ನಡುವೆ ರೇಡಿಯೊ ಇದೆ ಎಂಬುದು ಕಂಪ್ಯೂಟರಿನ ಗಮನಕ್ಕೇ ಬರುವುದಿಲ್ಲ. ಅದರ ಲೆಕ್ಕದಲ್ಲಿ ಅಲ್ಲಿರುವುದು ವೈರಿನ ಕೀಲಿಮಣೆ. ಚಾಲಕ ತಂತ್ರಾಂಶ ಬೇಡ, ಜೋಡಣೆಯ ವಿಧಿಯೂ ಬೇಡ. ರಾಸ್ಪ್‌ಬೆರಿ ಪೈ 4ರ ಬೂಟ್‌ಲೋಡರ್ ಮೆಮೊರಿ ಕಾರ್ಡ್ ಓದುವುದಕ್ಕೂ ಮೊದಲೇ ಯುಎಸ್‌ಬಿ ಕೀಲಿಮಣೆಯನ್ನು ಗುರುತಿಸಬಲ್ಲದು: 2022ರಲ್ಲಿ ಬಂದ ನೆಟ್‌ವರ್ಕ್ ಇನ್‌ಸ್ಟಾಲ್ ಸೌಲಭ್ಯಕ್ಕೆ ಶಿಫ್ಟ್ ಕೀಲಿ ಹಿಡಿಯಬೇಕು, ಆ ಒತ್ತುವಿಕೆ ಡಾಂಗಲ್ ಮೂಲಕವೂ ತಲುಪುತ್ತದೆ. ಬ್ಲೂಟೂತ್ ಮೂಲಕ ತಲುಪದು. ಡಿಸ್ಕನ್ನು ಗೂಢಲಿಪಿಯಿಂದ ಮುಚ್ಚಿಟ್ಟು, ಯಂತ್ರ ಏಳುವಾಗ ಪಾಸ್‌ವರ್ಡ್ ಕೇಳುವಂತೆ ಮಾಡಿಕೊಂಡವರಿಗೂ ಇದೇ ಅನುಭವ. ಪ್ರಶ್ನೆ ಪರದೆಯ ಮೇಲೆ ಬಂದಾಗ ಬ್ಲೂಟೂತ್ ಸೇವೆ ಇನ್ನೂ ಆರಂಭವಾಗಿರುವುದಿಲ್ಲ.

ಬ್ಲೂಟೂತ್ ಕೀಲಿಮಣೆಯ ವಿಷಯದಲ್ಲಿ ಡಾಂಗಲ್ ಮಾಡುತ್ತಿದ್ದ ಕೆಲಸವೆಲ್ಲ ಕಂಪ್ಯೂಟರಿನ ತಲೆಗೇ ಬರುತ್ತದೆ. ಮೊದಲಿಗೆ ರೇಡಿಯೊ ಚಿಪ್‌ಗೆ ಫರ್ಮ್‌ವೇರ್ ತುಂಬಬೇಕು, ಕರ್ನಲ್ ಅದನ್ನು ಗುರುತಿಸಬೇಕು. ಆಮೇಲೆ ಬ್ಲೂಜ಼ೆಡ್ ಎಂಬ ತಂತ್ರಾಂಶದ ಹಿನ್ನೆಲೆ ಸೇವೆ ಏಳಬೇಕು, ಹಿಂದೆ ಜೋಡಿಸಿಟ್ಟ ಗುಪ್ತಕೀಲಿಗಳನ್ನು ಓದಿಕೊಳ್ಳಬೇಕು, ಕೀಲಿಮಣೆ ಕರೆದಾಗ ಓಗೊಡಬೇಕು. ಬ್ಲೂಜ಼ೆಡ್ 2001ರಲ್ಲೇ ಲಿನಕ್ಸ್ ಕರ್ನಲ್‌ನ 2.4.6ನೇ ಆವೃತ್ತಿಯಲ್ಲಿ ಸೇರಿಕೊಂಡ ಹಳೆಯ, ಮಾಗಿದ ತಂತ್ರಾಂಶ, ದೋಷ ಅದರದ್ದಲ್ಲ. ಸರಪಳಿ ಉದ್ದವಾಗಿರುವುದೇ ಇಲ್ಲಿನ ತೊಂದರೆ, ಯಾವ ಕೊಂಡಿ ಕಳಚಿದರೂ ಕೀಲಿಮಣೆ ಸುಮ್ಮನಾಗುತ್ತದೆ. ಎಲ್ಲಕ್ಕಿಂತ ಕಿರಿಕಿರಿಯ ಸಂಗತಿಯೆಂದರೆ, ಕಳಚಿದ ಕೊಂಡಿ ಯಾವುದೆಂದು ಪತ್ತೆ ಹಚ್ಚಲು ಕೀಲಿಮಣೆಯೇ ಬೇಕು. ಬೀಗದ ಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡವರ ಪಾಡು ಇದು. ಹೊಸ ಬೋರ್ಡನ್ನು ಮೊದಲ ಬಾರಿ ಚಾಲೂ ಮಾಡುವವರು ಈ ಸ್ಥಿತಿಗೆ ಸಿಕ್ಕಿಕೊಳ್ಳುವುದು ಹೆಚ್ಚು, ಏಕೆಂದರೆ ಅವರಿಗೆ ಯಾವ ಕೊಂಡಿಯೂ ಇನ್ನೂ ಸಿದ್ಧವಾಗಿರುವುದಿಲ್ಲ. ಬ್ಲೂಟೂತನ್ನು ಡೆಸ್ಕ್‌ಟಾಪ್‌ನ ಚಿತ್ರಿಕೆ ಒತ್ತಿ ಜೋಡಿಸಬಹುದು ಎನ್ನುವವರು ಆ ಚಿತ್ರಿಕೆಯವರೆಗೆ ಹೋಗಲು ಮೌಸ್ ಬೇಕೆಂಬುದನ್ನು ಮರೆಯುತ್ತಾರೆ.

ಈ ಇಕ್ಕಟ್ಟನ್ನು ತಯಾರಕರೂ ಮನಗಂಡಂತಿದೆ. 2022ರ ಏಪ್ರಿಲ್‌ನಲ್ಲಿ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ಎಲ್ಲರಿಗೂ ಗೊತ್ತಿದ್ದ ‘ಪೈ’ ಎಂಬ ಸಿದ್ಧ ಬಳಕೆದಾರನ ಖಾತೆಯನ್ನು ಸುರಕ್ಷತೆಯ ಕಾರಣಕ್ಕೆ ತೆಗೆದುಹಾಕಿದರು. ಮೊದಲ ಚಾಲನೆಯಲ್ಲೇ ಹೆಸರು, ಪಾಸ್‌ವರ್ಡ್ ಟೈಪಿಸುವುದು ಕಡ್ಡಾಯವಾಯಿತು. ಟೈಪಿಸುವುದು ಕಡ್ಡಾಯವೆಂದ ಮೇಲೆ ಕೀಲಿಮಣೆಯೂ ಕಡ್ಡಾಯ. ಹಾಗಾಗಿ ಸ್ವಾಗತ ಪರದೆಯಲ್ಲೇ, ಜೋಡಣೆಗೆ ಸಿದ್ಧವಾಗಿರುವ ಬ್ಲೂಟೂತ್ ಕೀಲಿಮಣೆ ಮತ್ತು ಮೌಸ್‌ಗಳನ್ನು ಯಂತ್ರವೇ ಹುಡುಕಿ ಸೇರಿಸಿಕೊಳ್ಳುವ ಏರ್ಪಾಡನ್ನೂ ತಂದರು. ಇದನ್ನು ಮುಂದಿಟ್ಟು, ಬ್ಲೂಟೂತ್‌ನ ಹಳೆಯ ತಲೆನೋವು ಈಗ ಮುಗಿದ ಕಥೆ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ: ಮನೆಯಲ್ಲಿ ಒಂದೇ ಬೋರ್ಡು, ಒಂದೇ ಕೀಲಿಮಣೆ ಇರುವವರಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಸೌಲಭ್ಯವಿರುವುದು ಡೆಸ್ಕ್‌ಟಾಪ್ ಉಳ್ಳ ಆವೃತ್ತಿಯ ಮೊದಲ ಚಾಲನೆಗೆ ಮಾತ್ರ. ಲೈಟ್ ಎಂಬ ಅಕ್ಷರಪರದೆಯ ಆವೃತ್ತಿ ಹಾಕಿಕೊಂಡವರಿಗೂ, ಬೇರೆ ತಯಾರಕರ ಬೋರ್ಡು ಕೊಂಡವರಿಗೂ ಅದು ದಕ್ಕುವುದಿಲ್ಲ. ಹತ್ತು ಬೋರ್ಡುಗಳು ಒಟ್ಟಿಗೆ ಏಳುವ ತರಗತಿಯಲ್ಲಿ, ಕಣ್ಣಿಗೆ ಬಿದ್ದ ಕೀಲಿಮಣೆಯನ್ನು ಸೇರಿಸಿಕೊಳ್ಳುವ ಯಂತ್ರ ಪಕ್ಕದ ಬೆಂಚಿನ ಕೀಲಿಮಣೆಯನ್ನೇ ಹಿಡಿದುಕೊಂಡರೆ ಆಶ್ಚರ್ಯವಿಲ್ಲ.

ಮೊದಲ ಚಾಲನೆ ದಾಟಿದ ಮೇಲೆ ಬ್ಲೂಟೂತ್ ಕೀಲಿಮಣೆಯನ್ನು ಸೇರಿಸುವ ಭರವಸೆಯ ದಾರಿ ಟರ್ಮಿನಲ್‌ನಲ್ಲಿ ಓಡುವ ಬ್ಲೂಟೂತ್‌ಸಿಟಿಎಲ್ ಎಂಬ ಉಪಕರಣ. ಡೆಸ್ಕ್‌ಟಾಪ್‌ನ ಚಿತ್ರಿಕೆ ಮೌನವಾಗಿ ಸೋಲುವ ಕಡೆ ಇದು ಕಾರಣ ಹೇಳಿ ಸೋಲುತ್ತದೆ, ಅದೇ ಇದರ ಹೆಚ್ಚುಗಾರಿಕೆ. ‘ಪವರ್ ಆನ್’ ಎಂದು ರೇಡಿಯೊವನ್ನು ಎಬ್ಬಿಸಿ, ‘ಏಜೆಂಟ್ ಆನ್’, ‘ಡೀಫಾಲ್ಟ್-ಏಜೆಂಟ್’ ಎಂಬ ಆದೇಶಗಳಿಂದ ಸಂಕೇತ ಸಂಖ್ಯೆಯ ವ್ಯವಹಾರವನ್ನು ಈ ಕಿಟಕಿಗೇ ವಹಿಸಿ, ‘ಸ್ಕ್ಯಾನ್ ಆನ್’ ಎಂದು ಹುಡುಕಾಟ ಶುರುಮಾಡಬೇಕು. ಕೀಲಿಮಣೆಯ ಜೋಡಣೆ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿದರೆ, ಎರಡೆರಡು ಅಂಕಿಗಳ ಆರು ಜೋಡಿಯ ವಿಳಾಸವೊಂದು ಹೆಸರಿನೊಡನೆ ಪರದೆಗೆ ಬರುತ್ತದೆ. ಆ ವಿಳಾಸಕ್ಕೆ ‘ಪೇರ್’ ಆದೇಶ ಕೊಟ್ಟಾಗ ಆರಂಕಿಯ ಸಂಖ್ಯೆ ಮೂಡುತ್ತದೆ. ಅದನ್ನು ಹೊಸ ಕೀಲಿಮಣೆಯ ಮೇಲೆ ಒತ್ತಿ ಎಂಟರ್ ಕೊಡಬೇಕು. ಪರದೆ ಏನೂ ಪ್ರತಿಕ್ರಿಯೆ ತೋರದ ಈ ಗಳಿಗೆಯಲ್ಲಿ ಅನೇಕರು ಎಂಟರ್ ಒತ್ತುವುದನ್ನು ಬಿಟ್ಟು ಕಾಯುತ್ತಾರೆ, ಅಷ್ಟರಲ್ಲಿ ಸಮಯ ಮೀರಿ ಜೋಡಣೆ ಮುರಿಯುತ್ತದೆ. ಈ ಸಂಖ್ಯೆಯ ಪದ್ಧತಿ 2007ರ ಬ್ಲೂಟೂತ್ 2.1ರಿಂದ ಬಂದದ್ದು. ಸಂಖ್ಯೆಯನ್ನೇ ಕೇಳದ ಅಗ್ಗದ ಕೀಲಿಮಣೆಗಳೂ ಇವೆ. ಅವು ಸಲೀಸು, ಆದರೆ ನಡುವೆ ಬೇರೊಬ್ಬರು ನುಸುಳಿದರೆ ತಡೆಯುವ ಬಲ ಅವುಗಳಿಗಿಲ್ಲ.

ಜೋಡಣೆಯಾದ ಮೇಲೂ ಒಂದು ಆದೇಶ ಬಾಕಿ ಇರುತ್ತದೆ, ‘ಟ್ರಸ್ಟ್’. ಇದನ್ನು ಕೊಡದೆಯೂ ‘ಕನೆಕ್ಟ್’ ಮಾಡಬಹುದು, ಆ ಹೊತ್ತಿಗೆ ಅಕ್ಷರಗಳೂ ಬೀಳುತ್ತವೆ. ಕೆಲಸ ಮುಗಿಯಿತೆಂದು ಎದ್ದುಹೋಗುವವರು ಮರುದಿನ ಪೆಚ್ಚಾಗುತ್ತಾರೆ. ಮರುಚಾಲನೆಯ ನಂತರ ಸಂಪರ್ಕಕ್ಕೆ ಮುಂದಾಗುವುದು ಕೀಲಿಮಣೆ, ಕಂಪ್ಯೂಟರಲ್ಲ. ನಂಬಿಕೆಯ ಗುರುತಿಲ್ಲದ ಸಾಧನ ಬಾಗಿಲು ಬಡಿದಾಗ ಒಳಗೆ ಬಿಡಲೇ ಎಂದು ಬ್ಲೂಜ಼ೆಡ್ ಏಜೆಂಟನ್ನು ಕೇಳುತ್ತದೆ, ಉತ್ತರಿಸಲು ಅಲ್ಲಿ ಯಾವ ಏಜೆಂಟೂ ಇರುವುದಿಲ್ಲ. ನಿನ್ನೆ ಕೆಲಸ ಮಾಡಿದ್ದು ಇವತ್ತೇಕೆ ಮಾಡುವುದಿಲ್ಲ ಎಂಬ ದೂರುಗಳನ್ನು ಬೆನ್ನುಹತ್ತಿ ಹೋದರೆ ಸಿಗುವ ಕಾರಣಗಳಲ್ಲಿ ಈ ಬಿಟ್ಟುಹೋದ ಆದೇಶವೂ ಒಂದು. ಇನ್ನೊಂದು, ಸೀರಿಯಲ್ ಪೋರ್ಟಿನ ತಗಾದೆ. 2016ರ ಪೈ 3ರಲ್ಲಿ ಮೊದಲ ಬಾರಿ ಬೋರ್ಡಿನ ಮೇಲೆಯೇ ಬ್ಲೂಟೂತ್ ಬಂದಾಗ ಅದನ್ನು ಯುಎಸ್‌ಬಿಗೆ ಜೋಡಿಸದೆ, ಪಿಎಲ್011 ಎಂಬ ಒಳ್ಳೆಯ ಯುಎಆರ್‌ಟಿಗೆ ಜೋಡಿಸಿದರು. ಅದುವರೆಗೆ ಆ ಯುಎಆರ್‌ಟಿ ಬಳಸುತ್ತಿದ್ದ 14 ಮತ್ತು 15ನೇ ಜಿಪಿಐಓ ಪಿನ್ನುಗಳ ಪಾಲಿಗೆ, ಗಡಿಯಾರ ಬದಲಾದರೆ ವೇಗವೂ ಏರುಪೇರಾಗುವ ಮಿನಿ ಯುಎಆರ್‌ಟಿ ಬಂತು. ಜಿಪಿಎಸ್ ಅಥವಾ ಸೆನ್ಸರ್ ಜೋಡಿಸುವವರು ಒಳ್ಳೆಯದನ್ನು ವಾಪಸು ಪಡೆಯಲು ಕಾನ್ಫಿಗ್ ಕಡತದಲ್ಲಿ ‘ಡಿಸೇಬಲ್-ಬಿಟಿ’ ಎಂಬ ಸಾಲು ಸೇರಿಸುತ್ತಾರೆ. ತಿಂಗಳುಗಳ ನಂತರ ಅದೇ ಕಾರ್ಡಿನಲ್ಲಿ ಬ್ಲೂಟೂತ್ ಕೀಲಿಮಣೆ ಜೋಡಿಸಹೊರಟರೆ ರೇಡಿಯೊವೇ ಮಾಯ. ಡಾಂಗಲ್‌ಗೆ ಇಂಥ ಯಾವ ವಿದ್ಯಮಾನವೂ ತಾಗುವುದಿಲ್ಲ.

ಹೊಣೆ ಎಲ್ಲಿದೆ ಎಂಬ ಪ್ರಶ್ನೆಗೆ ಇನ್ನೂ ನೇರವಾದ ಪುರಾವೆ ಬೇಕಿದ್ದರೆ ಮೆಮೊರಿ ಕಾರ್ಡನ್ನು ಒಂದು ಬೋರ್ಡಿನಿಂದ ತೆಗೆದು ಇನ್ನೊಂದಕ್ಕೆ ಹಾಕಿ ನೋಡಬೇಕು. ರಾಸ್ಪ್‌ಬೆರಿ ಪೈಯಲ್ಲಿ ಇದು ದಿನನಿತ್ಯದ ಸಂಗತಿ. ಕಡತಗಳು, ತಂತ್ರಾಂಶ, ವೈಫೈ ಪಾಸ್‌ವರ್ಡ್ ಎಲ್ಲವೂ ಕಾರ್ಡಿನ ಜೊತೆ ಹೋಗುತ್ತವೆ, ಬ್ಲೂಟೂತ್ ಕೀಲಿಮಣೆ ಮಾತ್ರ ಹೋಗುವುದಿಲ್ಲ. ಜೋಡಣೆಯ ಗುಪ್ತಕೀಲಿಗಳು ಕಾರ್ಡಿನಲ್ಲೇ ಇದ್ದರೂ, ಅವುಗಳನ್ನಿಟ್ಟ ಫೋಲ್ಡರಿಗೆ ಆಯಾ ಬೋರ್ಡಿನ ಬ್ಲೂಟೂತ್ ರೇಡಿಯೊದ ವಿಳಾಸವೇ ಹೆಸರು. ಹೊಸ ಬೋರ್ಡಿನ ವಿಳಾಸ ಬೇರೆ. ಬ್ಲೂಜ಼ೆಡ್ ಆ ಹೆಸರಿನ ಹೊಸ ಫೋಲ್ಡರ್ ತೆರೆದು ಬರಿಗೈಲಿ ಕೂರುತ್ತದೆ. ಅತ್ತ ಕೀಲಿಮಣೆಯೂ ಹಳೆಯ ಬೋರ್ಡಿನ ವಿಳಾಸವನ್ನೇ ನೆನಪಿಟ್ಟುಕೊಂಡು ಅದನ್ನೇ ಕರೆಯುತ್ತಿರುತ್ತದೆ. ಡಾಂಗಲ್ ಜಾತಿಯಲ್ಲಿ ಪರಿಚಯದ ದಾಖಲೆ ಡಾಂಗಲ್‌ನೊಳಗೇ ಇರುವುದರಿಂದ ಅದನ್ನು ಕಿತ್ತು ಯಾವ ಯಂತ್ರಕ್ಕೆ ಚುಚ್ಚಿದರೂ ಸರಿ, ಮುಂದಿನ ಕ್ಷಣ ಟೈಪಿಸಬಹುದು. ಹಲವು ಬೋರ್ಡುಗಳನ್ನು ಸರದಿಯಲ್ಲಿ ಸಿದ್ಧಪಡಿಸುವ ಶಿಕ್ಷಕರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ.

ಹಾಗೆಂದು ಡಾಂಗಲ್ ತೊಂದರೆಗಳಿಂದ ಹೊರತಲ್ಲ. ಅದು ಬೋರ್ಡಿನ ಪೋರ್ಟನ್ನು ಆಕ್ರಮಿಸುತ್ತದೆ. ಪೈ ಝೀರೊ ಮಾದರಿಗಳಲ್ಲಿ ಸಾಧನಗಳಿಗೆಂದು ಇರುವುದು ಒಂದೇ ಮೈಕ್ರೊ ಯುಎಸ್‌ಬಿ ಪೋರ್ಟ್, ಅಲ್ಲಿಗೆ ಓಟಿಜಿ ಅಡಾಪ್ಟರ್ ಬೇರೆ ಬೇಕು. ಇದಕ್ಕೆ ಪರಿಹಾರವಾಗಿ ಟಚ್‌ಪ್ಯಾಡ್ ಕೂಡಿದ ಕೀಲಿಮಣೆಗಳಿವೆ: ಒಂದು ಡಾಂಗಲ್, ಒಂದು ಪೋರ್ಟ್, ಎರಡು ಕೆಲಸ. ಟಿವಿಗೆ ಜೋಡಿಸಿದ ಬೋರ್ಡಿಗೆ ಇಂಥವನ್ನೇ ಜನ ಹೆಚ್ಚು ಮೆಚ್ಚುತ್ತಾರೆ. ಎರಡನೆಯ ತೊಂದರೆ ವಿದ್ಯುತ್ತಿನದು. 2012ರ ಮೊದಲ ಬೋರ್ಡುಗಳಲ್ಲಿ ಪ್ರತಿ ಯುಎಸ್‌ಬಿ ಪೋರ್ಟಿನ ಮೇಲೂ 140 ಮಿಲಿಆಂಪಿಯರ್‌ನ ಫ್ಯೂಸ್ ಇತ್ತು. ದುರ್ಬಲ ಚಾರ್ಜರಿನ ಜೊತೆ ಸೇರಿ ಅದು ಎಷ್ಟೋ ಡಾಂಗಲ್‌ಗಳನ್ನು ಉಪವಾಸ ಕೆಡವುತ್ತಿತ್ತು. ಅದರ ಮೇಲೆ ಆ ಬೋರ್ಡಿನ ಯುಎಸ್‌ಬಿ ನಿಯಂತ್ರಕ, ಕೀಲಿಮಣೆಯಂಥ ನಿಧಾನಗತಿಯ ಸಾಧನಗಳ ವೇಳಾಪಟ್ಟಿಯನ್ನು ಪ್ರೊಸೆಸರಿನ ತಲೆಗೇ ಕಟ್ಟುತ್ತಿದ್ದುದರಿಂದ, ಪ್ರೊಸೆಸರ್ ತಡಮಾಡಿದರೆ ಕೀಲಿ ಎತ್ತಿದ ಸುದ್ದಿ ಕಳೆದುಹೋಗಿ ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟುತ್ತಿತ್ತು. ಚಾಲಕ ತಂತ್ರಾಂಶ ಸುಧಾರಿಸಿ ಈ ಪಿಡುಗು ಹಿಂದೆ ಸರಿದಿದೆ. ಇಂದಿನ ಪೈ 5 ತನ್ನ 5 ಆಂಪಿಯರ್ ಚಾರ್ಜರ್ ಸಿಗದಿದ್ದರೆ ಯುಎಸ್‌ಬಿ ಸಾಧನಗಳಿಗೆ ಒಟ್ಟು 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ, ಆದರೆ ಕೀಲಿಮಣೆಯ ಡಾಂಗಲ್‌ಗೆ ಅಷ್ಟು ಧಾರಾಳವಾಯಿತು.

ಇಂದಿಗೂ ಜೀವಂತವಾಗಿರುವುದು ರೇಡಿಯೊ ಗದ್ದಲ. ಯುಎಸ್‌ಬಿ 3.0 ಸಂಕೇತ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುವಾಗ ಅದರ ಸೋರಿಕೆ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಮುಟ್ಟುತ್ತದೆ. ಇದನ್ನು ಅಳೆದು ತೋರಿಸಿದ್ದು 2012ರಲ್ಲಿ ಇಂಟೆಲ್ ಪ್ರಕಟಿಸಿದ ವರದಿ. ನಿಸ್ತಂತು ಮೌಸ್ ಹತ್ತಿರದ ಯುಎಸ್‌ಬಿ 3.0 ಸಾಧನದಿಂದ ತಡವರಿಸುವುದನ್ನು ಅದು ನಿರ್ದಿಷ್ಟವಾಗಿ ಪರೀಕ್ಷಿಸಿತ್ತು. 2019ರ ಪೈ 4ರಲ್ಲಿ ನೀಲಿ ಬಣ್ಣದ ಎರಡು ಯುಎಸ್‌ಬಿ 3.0 ಪೋರ್ಟ್‌ಗಳೂ ಕಪ್ಪು ಬಣ್ಣದ ಎರಡು ಯುಎಸ್‌ಬಿ 2.0 ಪೋರ್ಟ್‌ಗಳೂ ಬೆರಳಗಲದ ದೂರದಲ್ಲಿವೆ. ನೀಲಿಯಲ್ಲಿ ಹಾರ್ಡ್‌ಡಿಸ್ಕ್ ಇಟ್ಟು ಪಕ್ಕದಲ್ಲೇ ಡಾಂಗಲ್ ಚುಚ್ಚಿದರೆ ಅಕ್ಷರಗಳು ನುಂಗಿಹೋಗುತ್ತವೆ, ಜನ ಬ್ಯಾಟರಿ ಬದಲಿಸುತ್ತಾ ಕೂರುತ್ತಾರೆ. ಡಾಂಗಲನ್ನು ಕಪ್ಪು ಪೋರ್ಟಿಗೆ ಸರಿಸುವುದು, ಅದೂ ಸಾಲದಿದ್ದರೆ ಗೇಣುದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರಿನ ತುದಿಗೆ ಹಾಕುವುದು ಇದರ ಮದ್ದು. ವೈರು ಬೇಡವೆಂದು ಕೊಂಡ ಕೀಲಿಮಣೆಗೆ ಕೊನೆಗೆ ವೈರು ತರಬೇಕಾಯಿತಲ್ಲ ಎಂದು ನಗಬಹುದು, ಆದರೆ ಇದಕ್ಕಿಂತ ಅಗ್ಗದ ಪರಿಹಾರ ಕಾಣದು. ಬ್ಲೂಟೂತ್‌ಗೆ ಈ ಗದ್ದಲದ ಜೊತೆಗೆ ಇನ್ನೊಂದು ಕಾಟವಿದೆ: ಪೈಯಲ್ಲಿ ವೈಫೈಗೂ ಬ್ಲೂಟೂತ್‌ಗೂ ಇರುವುದು ಒಂದೇ ಚಿಪ್, ಒಂದೇ ಆಂಟೆನಾ. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಸಿನಿಮಾ ಇಳಿಸುತ್ತಿರುವಾಗ ಕೀಲಿಮಣೆಯ ಸರದಿ ಹಿಂದೆ ಬೀಳುತ್ತದೆ. ಪೈ 3ಬಿ ಪ್ಲಸ್ ಮತ್ತು ನಂತರದ ದೊಡ್ಡ ಬೋರ್ಡುಗಳಲ್ಲಿ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ಪಾರಾಗಬಹುದು, ಝೀರೊ ಮಾದರಿಗಳಲ್ಲಿ ಆ ಆಯ್ಕೆಯೇ ಇಲ್ಲ. ಬೋರ್ಡನ್ನು ಲೋಹದ ಪೆಟ್ಟಿಗೆಯಲ್ಲಿಟ್ಟರೆ ಆಂಟೆನಾ ಒಳಗೇ ಉಳಿದು ವ್ಯಾಪ್ತಿ ಇನ್ನಷ್ಟು ಕುಗ್ಗುತ್ತದೆ. ಹೊರಗೆ ಚಾಚಿಕೊಂಡ ಡಾಂಗಲ್‌ಗೆ ಆ ಬಾಧೆ ಕಡಿಮೆ.

ಡಾಂಗಲ್ ಪರವಾದ ಈ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಸುರಕ್ಷತೆಯದು, ಅದನ್ನು ತಳ್ಳಿಹಾಕುವಂತಿಲ್ಲ. 2016ರ ಫೆಬ್ರವರಿಯಲ್ಲಿ ಬಾಸ್ಟೀಲ್ ಸಂಸ್ಥೆಯ ಸಂಶೋಧಕರು ಮೌಸ್‌ಜಾಕ್ ಎಂಬ ದೌರ್ಬಲ್ಯವನ್ನು ಬಯಲಿಗೆಳೆದರು: ಹಲವು ಹೆಸರಾಂತ ತಯಾರಕರ ಡಾಂಗಲ್‌ಗಳು, ಮೌಸ್‌ನಿಂದ ಬಂದಂತೆ ತೋರುವ ಪೊಟ್ಟಣದಲ್ಲಿ ಗೂಢಲಿಪಿಯಿಲ್ಲದ ಕೀಲಿಒತ್ತುಗಳು ಬಂದರೂ ಸ್ವೀಕರಿಸುತ್ತಿದ್ದವು. ಅಂದರೆ ದೂರದಲ್ಲಿ ಕೂತವನು ನಿಮ್ಮ ಯಂತ್ರಕ್ಕೆ ಟೈಪಿಸಬಹುದು. ಅದೇ ವರ್ಷ ಜುಲೈನಲ್ಲಿ ಅದೇ ಸಂಸ್ಥೆ ಕೀಸ್ನಿಫರ್ ಹೆಸರಿನಲ್ಲಿ ತೋರಿಸಿದ್ದು ಇನ್ನೂ ಗಾಬರಿಯ ಸಂಗತಿ: ಕೆಲವು ಅಗ್ಗದ ಕೀಲಿಮಣೆಗಳು ಒತ್ತಿದ ಪ್ರತಿ ಅಕ್ಷರವನ್ನೂ ಬಟಾಬಯಲಾಗಿಯೇ ಗಾಳಿಗೆ ಬಿಡುತ್ತಿದ್ದವು. ಬ್ಲೂಟೂತ್ ಪಕ್ಷದವರು ಇಷ್ಟಕ್ಕೇ ಗೆದ್ದೆವೆಂದುಕೊಳ್ಳುವ ಹಾಗಿಲ್ಲ. 2019ರ ನಾಬ್ ದಾಳಿ ಬ್ಲೂಟೂತ್‌ನ ಗುಪ್ತಕೀಲಿಯನ್ನು ಒಂದೇ ಬೈಟ್‌ನ ಉದ್ದಕ್ಕೆ ಇಳಿಸಬಹುದೆಂದು ತೋರಿಸಿತು. 2023ರ ಡಿಸೆಂಬರ್‌ನಲ್ಲಿ, ಮೌಸ್‌ಜಾಕ್ ಪತ್ತೆ ಹಚ್ಚಿದ ಮಾರ್ಕ್ ನ್ಯೂಲಿನ್ ಅವರೇ, ದೃಢೀಕರಣವಿಲ್ಲದೆ ಬ್ಲೂಟೂತ್ ಕೀಲಿಮಣೆಯಂತೆ ನಟಿಸಿ ಲಿನಕ್ಸ್, ಆಂಡ್ರಾಯ್ಡ್ ಮತ್ತು ಆಪಲ್ ಯಂತ್ರಗಳಿಗೆ ಕೀಲಿಒತ್ತು ತೂರಿಸುವ ದೋಷವನ್ನು ಪ್ರಕಟಿಸಿದರು. ಲಿನಕ್ಸ್‌ನಲ್ಲಿ ಇದಕ್ಕೆ ಬೇಕಾದ ತಿದ್ದುಪಡಿ 2020ರಲ್ಲೇ ಬಂದಿತ್ತು, ಆದರೆ ಸೆಟ್ಟಿಂಗ್ ಮೂಲಸ್ಥಿತಿಯಲ್ಲಿ ಆಫ್ ಆಗಿಯೇ ಉಳಿದಿತ್ತು.

ಇಲ್ಲಿಯೂ ಹೊಣೆಯ ಜಾಗವೇ ನಿರ್ಣಾಯಕ, ಈ ಸಲ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ ಅಷ್ಟೆ. ಬ್ಲೂಟೂತ್‌ನ ದೋಷ ಇರುವುದು ಕಂಪ್ಯೂಟರಿನ ತಂತ್ರಾಂಶದಲ್ಲಾದರೆ, ತಂತ್ರಾಂಶವನ್ನು ಪರಿಷ್ಕರಿಸುವ ಒಂದು ಆದೇಶದಿಂದ ಅದು ವಾಸಿಯಾಗುತ್ತದೆ. ಬೋರ್ಡಿನ ಮಾಲೀಕನ ಕೈಯಲ್ಲೇ ಮದ್ದಿದೆ. ಡಾಂಗಲ್‌ನ ದೋಷ ಡಾಂಗಲ್‌ನೊಳಗೆ. ಕೆಲವು ತಯಾರಕರು ಫರ್ಮ್‌ವೇರ್ ಪರಿಷ್ಕರಣೆ ಕೊಟ್ಟಿದ್ದಾರೆ, ಲಾಜಿಟೆಕ್‌ನ ಡಾಂಗಲ್‌ಗಳನ್ನು ಲಿನಕ್ಸ್‌ನಲ್ಲಿಯೇ ಎಫ್‌ಡಬ್ಲ್ಯುಯುಪಿಡಿ ಉಪಕರಣದಿಂದ ಪರಿಷ್ಕರಿಸಬಹುದು. ಹೆಸರಿಲ್ಲದ ಅಗ್ಗದ ಮಾಲಿನಲ್ಲಿ ಆ ಮಾತೇ ಇಲ್ಲ. ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಕಸದ ಬುಟ್ಟಿ ಸೇರುವವರೆಗೂ ಹಾಗೆಯೇ. ಹೀಗಾಗಿ ಎರಡರಲ್ಲೊಂದನ್ನು ಸಾರ್ವಕಾಲಿಕವಾಗಿ ಆರಿಸುವುದಕ್ಕಿಂತ ಸಂದರ್ಭ ನೋಡಿ ಹಂಚಿಕೊಳ್ಳುವುದು ವಿವೇಕ. ಯಂತ್ರವನ್ನು ಹುಟ್ಟುಹಾಕುವ, ಕೆಟ್ಟಾಗ ಎಬ್ಬಿಸುವ ಕೆಲಸಕ್ಕೆ ಡಾಂಗಲ್ ಇರಲಿ. ಅಕ್ಕಪಕ್ಕದಲ್ಲಿ ಅಪರಿಚಿತರಿರುವ ಜಾಗದಲ್ಲಿ ದಿನವೂ ಪಾಸ್‌ವರ್ಡ್ ಒತ್ತುವ ಬೋರ್ಡಿಗೆ, ಸಂಕೇತ ಸಂಖ್ಯೆ ಕೇಳುವ ಬ್ಲೂಟೂತ್ ಕೀಲಿಮಣೆ ಇರಲಿ, ತಂತ್ರಾಂಶ ಹೊಸದಾಗಿರಲಿ. ಬ್ಯಾಂಕ್ ವ್ಯವಹಾರ ಮಾಡುವವರು ವೈರಿನ ಕೀಲಿಮಣೆಯನ್ನೇ ಮುಂದುವರಿಸಿದರೂ ತಪ್ಪೇನಿಲ್ಲ. 2019ರಲ್ಲಿ ರಾಸ್ಪ್‌ಬೆರಿ ಪೈ ತನ್ನದೇ ಅಧಿಕೃತ ಕೀಲಿಮಣೆಯನ್ನು ತಂದಾಗ ಅದಕ್ಕೆ ವೈರೇ ಇತ್ತು. ಮರುವರ್ಷ ಬಂದ ಪೈ 400 ಬೋರ್ಡನ್ನೇ ಕೀಲಿಮಣೆಯೊಳಗೆ ಸೇರಿಸಿ ಪ್ರಶ್ನೆಯನ್ನೇ ಇಲ್ಲವಾಗಿಸಿತು.

ಏಕಫಲಕ ಗಣಕಕ್ಕೆ ಕೀಲಿಮಣೆಯೇ ಬೇಡ ಎಂಬ ಮೂರನೆಯ ಪಂಥವೂ ಇದೆ. 2020ರಲ್ಲಿ ಬಂದ ರಾಸ್ಪ್‌ಬೆರಿ ಪೈ ಇಮೇಜರ್, ನಂತರದ ಆವೃತ್ತಿಗಳಲ್ಲಿ, ಕಾರ್ಡ್ ಬರೆಯುವಾಗಲೇ ಬಳಕೆದಾರನ ಹೆಸರು, ವೈಫೈ ವಿವರ, ಎಸ್‌ಎಸ್‌ಎಚ್ ಅನುಮತಿಯನ್ನು ತುಂಬಲು ಅವಕಾಶ ಕೊಟ್ಟಿತು. ಬೋರ್ಡಿಗೆ ವಿದ್ಯುತ್ ಕೊಟ್ಟು, ಲ್ಯಾಪ್‌ಟಾಪಿನಿಂದ ಲಾಗಿನ್ ಆಗಿ ಎಲ್ಲ ಕೆಲಸ ಮುಗಿಸಬಹುದು. ಕಡತ ಸಂಗ್ರಹ, ಸೆನ್ಸರ್ ದಾಖಲೆ ಮುಂತಾದ ಕೆಲಸಗಳಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಬ್ಲೂಟೂತ್ ಕೀಲಿಮಣೆಯನ್ನು ಮೊದಲ ಬಾರಿ ಜೋಡಿಸುವುದಕ್ಕೂ ಇದೇ ಸುಲಭ ಉಪಾಯ: ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಿಟಕಿಯಲ್ಲಿ ಬ್ಲೂಟೂತ್‌ಸಿಟಿಎಲ್ ಓಡಿಸಿದರೆ ಸಂಕೇತ ಸಂಖ್ಯೆ ಅಲ್ಲಿಯೇ ಕಾಣುತ್ತದೆ, ಎರಡನೆಯ ಕೀಲಿಮಣೆ ಸಾಲ ತರಬೇಕಿಲ್ಲ. ಆದರೆ ಈ ಪಂಥ ಇನ್ನೊಂದು ಕಂಪ್ಯೂಟರ್ ಮನೆಯಲ್ಲಿದೆ ಎಂದು ಭಾವಿಸಿಕೊಂಡಿದೆ. ಈ ಬೋರ್ಡೇ ಮನೆಯ ಮೊದಲ ಕಂಪ್ಯೂಟರ್ ಆಗಲಿ ಎಂಬ ಆಸೆಯಿಂದ ಕೊಂಡವರಿಗೆ ಅದು ಉತ್ತರವಾಗದು. ವೈಫೈ ಪಾಸ್‌ವರ್ಡಿನ ಒಂದು ಅಕ್ಷರ ತಪ್ಪಿದರೂ ಬೋರ್ಡು ನೆಟ್‌ವರ್ಕಿನಿಂದ ಹೊರಗುಳಿಯುತ್ತದೆ, ಆಗ ಒಂದೋ ಕಾರ್ಡನ್ನು ಮತ್ತೆ ಬರೆಯಬೇಕು, ಇಲ್ಲವೇ ಕೀಲಿಮಣೆ ಹಿಡಿದು ಎದುರು ಕೂರಬೇಕು.

ಯಾವ ದಾರಿಯಲ್ಲಿ ಬಂದರೂ ಕೀಲಿಮಣೆ ತಲುಪಿಸುವುದು ಕೀಲಿಯ ಸ್ಥಾನವನ್ನು, ಅಕ್ಷರವನ್ನಲ್ಲ. ಮೇಲೆ ಹೇಳಿದ 1ಎಫ್ ಯಾವ ಚಿಹ್ನೆಯಾಗಬೇಕೆಂದು ನಿರ್ಧರಿಸುವುದು ಕಂಪ್ಯೂಟರಿನ ವಿನ್ಯಾಸ ಸೆಟ್ಟಿಂಗ್. ಬ್ರಿಟನ್ನಿನಲ್ಲಿ ಹುಟ್ಟಿದ ರಾಸ್ಪ್‌ಬೆರಿ ಪೈ ಓಎಸ್‌ನ ಮೂಲ ಸೆಟ್ಟಿಂಗ್ ಬ್ರಿಟಿಷ್ ವಿನ್ಯಾಸ. ಭಾರತದಲ್ಲಿ ಮಾರಾಟವಾಗುವ ಕೀಲಿಮಣೆಗಳಲ್ಲಿ ಸಾಮಾನ್ಯವಾಗಿ ಅಚ್ಚಾಗಿರುವುದು ಅಮೆರಿಕದ ವಿನ್ಯಾಸ. ಪರಿಣಾಮವಾಗಿ ಶಿಫ್ಟ್ ಹಿಡಿದು 2 ಒತ್ತಿದರೆ ಆಟ್ ಚಿಹ್ನೆಯ ಬದಲು ಉದ್ಧರಣ ಚಿಹ್ನೆ, 3 ಒತ್ತಿದರೆ ಹ್ಯಾಷ್ ಬದಲು ಪೌಂಡ್ ಚಿಹ್ನೆ ಬರುತ್ತದೆ. ಪಾಸ್‌ವರ್ಡ್ ಟೈಪಿಸುವಾಗ ಚುಕ್ಕೆಗಳಷ್ಟೇ ಕಾಣುವುದರಿಂದ, ಆಟ್ ಚಿಹ್ನೆಯಿರುವ ಪಾಸ್‌ವರ್ಡ್ ಸರಿಯಾಗಿಯೇ ಒತ್ತಿದರೂ ತಿರಸ್ಕೃತವಾಗುತ್ತದೆ, ಹೊಸ ಕೀಲಿಮಣೆಯೇ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಜನ ಬರುತ್ತಾರೆ. ಬಳಕೆದಾರರ ಹೆಸರಿನ ಪೆಟ್ಟಿಗೆಯಲ್ಲಿ ಮೊದಲು ಆ ಚಿಹ್ನೆಯನ್ನು ಒತ್ತಿ ನೋಡಿದರೆ ಸಂಶಯ ಬಗೆಹರಿಯುತ್ತದೆ. ರಾಸ್ಪಿ-ಕಾನ್ಫಿಗ್‌ನ ಸ್ಥಳೀಕರಣ ವಿಭಾಗದಲ್ಲಿ ವಿನ್ಯಾಸ ಬದಲಿಸಿದರೆ ಮುಗಿಯಿತು.

ಕನ್ನಡದ ಟೈಪಿಂಗ್ ಇದೇ ಸ್ಥಾನ-ಅಕ್ಷರ ಪಟ್ಟಿಯ ಮುಂದುವರಿಕೆ, ಅದಕ್ಕಾಗಿ ಬೇರೆ ಕೀಲಿಮಣೆ ಕೊಳ್ಳಬೇಕಿಲ್ಲ. ಲಿನಕ್ಸ್‌ನ ಎಕ್ಸ್‌ಕೆಬಿ ಪಟ್ಟಿಯಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ವಿನ್ಯಾಸವೂ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಪ್ರಸಿದ್ಧವಾದ ಕಗಪ ವಿನ್ಯಾಸವೂ ಸಿದ್ಧವಾಗಿವೆ. ‘ಕ್ಕ’ ಬರಬೇಕಾದರೆ ಕಗಪದಲ್ಲಿ ಕೆ, ಎಫ್, ಕೆ ಕೀಲಿಗಳು. ಇನ್‌ಸ್ಕ್ರಿಪ್ಟ್‌ನಲ್ಲಿ ಕೆ, ಡಿ, ಕೆ. ಅಕ್ಷರಗಳು ಚೌಕಗಳಾಗಿ ಕಂಡರೆ ತಪ್ಪು ಕೀಲಿಮಣೆಯದಲ್ಲ, ಫಾಂಟ್ ಇಲ್ಲವೆಂದರ್ಥ. ಡೆಬಿಯನ್ ಭಂಡಾರದ ಗುಬ್ಬಿ, ನವಿಲು ಅಥವಾ ಲೋಹಿತ್ ಫಾಂಟುಗಳಲ್ಲಿ ಒಂದನ್ನು ಹಾಕಿಕೊಳ್ಳಬೇಕು. 2023ರ ಬುಕ್‌ವರ್ಮ್ ಆವೃತ್ತಿಯಿಂದ ಡೆಸ್ಕ್‌ಟಾಪ್ ವೇಲ್ಯಾಂಡ್‌ಗೆ ಬದಲಾಗಿರುವುದರಿಂದ, ಹಳೆಯ ಬರಹಗಳಲ್ಲಿ ಸೂಚಿಸುವ ಸೆಟ್‌ಎಕ್ಸ್‌ಕೆಬಿಮ್ಯಾಪ್ ಆದೇಶವನ್ನು ನೆಚ್ಚಿಕೊಳ್ಳುವಂತಿಲ್ಲ. ವಿನ್ಯಾಸವನ್ನು ಸೆಟ್ಟಿಂಗ್ ಕಿಟಕಿಯಿಂದಲೇ ಸೇರಿಸುವುದು ಲೇಸು. ಲೈಟ್ ಆವೃತ್ತಿಯ ಬರಿ ಅಕ್ಷರಪರದೆಯಲ್ಲಿ ಮಾತ್ರ ಕನ್ನಡ ಮೂಡುವುದಿಲ್ಲ: ಲಿನಕ್ಸ್ ಕನ್ಸೋಲಿನ ಫಾಂಟಿನಲ್ಲಿ 512ಕ್ಕಿಂತ ಹೆಚ್ಚು ಆಕೃತಿಗಳಿಗೆ ಜಾಗವಿಲ್ಲ, ಒತ್ತಕ್ಷರಗಳನ್ನು ಪೋಣಿಸುವ ವ್ಯವಸ್ಥೆಯೂ ಅದಕ್ಕಿಲ್ಲ. ಅಲ್ಲಿ ಕನ್ನಡ ಬೇಕಾದವರು ಎಸ್‌ಎಸ್‌ಎಚ್ ಮೂಲಕ, ಕನ್ನಡ ತೋರಿಸಬಲ್ಲ ಬೇರೊಂದು ಯಂತ್ರದ ಟರ್ಮಿನಲ್‌ನಿಂದ ಒಳಹೊಗುತ್ತಾರೆ.